ಕಸಕ್ಕೆ ಹಾಕಿದ ಸಪ್ಪಳ

"ಇಷ್ಟು ಶಾಣ್ಯಾ ಮಷೀನು ಅಲ್ಲವ್ವಾ ಅದು," ಎಂದ ಮುತ್ತಪ್ಪ, ಮುಚ್ಚಿದ ಕಣ್ಣು ತೆರೆಯದೆ.

ಲ್ಯಾಪ್‌ಟಾಪಿಗೆ ಜೋಡಿಸಿದ ಎರಡು ಸಣ್ಣ ಸ್ಪೀಕರುಗಳಿಂದ ಕಲ್ಲು ಕೊಯ್ಯುವ ಯಂತ್ರದ ಸಪ್ಪಳ ಹರಿದು ಬರುತ್ತಿತ್ತು. ಎಣ್ಣೆ ಸವರಿದ ಹಾಗೆ ನುಣ್ಣಗೆ. ಒಂದು ಕರಕರ ಇಲ್ಲ, ಒಂದು ಕೆಮ್ಮು ಇಲ್ಲ.

ಮುತ್ತಪ್ಪ ಶಾಲೆಯ ಮೆಟ್ಟಿಲು ಹತ್ತಿದ್ದು ಮೂರೇ ವರ್ಷ. ಆದರೆ ನಲವತ್ತು ವರ್ಷ ಇಳಕಲ್ಲಿನ ಪವರ್‌ಲೂಮುಗಳ ಹೊಟ್ಟೆಗೆ ಕಬ್ಬಿಣದ ಸರಳು ಇಟ್ಟು, ಅದರ ಇನ್ನೊಂದು ತುದಿಗೆ ಕಿವಿ ಹಚ್ಚಿ, ಒಳಗಿನ ಬೇನೆ ಕೇಳಿದ ಮನುಷ್ಯ. ಯಾವ ಯಂತ್ರ ಯಾವ ವರ್ಷ ಎಲ್ಲಿ ನರಳಿತ್ತು ಎಂಬುದು ಅವನ ತಲೆಯಲ್ಲಿ ಬರೆದಿಟ್ಟ ಹಾಗೆ ಇರುತ್ತಿತ್ತು.

ಈ ಯಂತ್ರ ಎಂಟು ದಿನದ ಹಿಂದೆ, ಶುಕ್ರವಾರ ಮುಂಜಾನೆ, ಒಬ್ಬನನ್ನು ಕೊಂದಿತ್ತು. ಪ್ರಭು ಸಾಹುಕಾರನ ಕಲ್ಲಿನ ಕಾರ್ಖಾನೆಯಲ್ಲಿ ಬೇರಿಂಗ್ ಒಡೆದು, ಆಳೆತ್ತರದ ಗರಗಸದ ಚಕ್ರ ಕಿತ್ತು ಬಂದು ದುರ್ಗಪ್ಪ ಸತ್ತ. ಕಾರ್ಖಾನೆಯ ಫಿಟ್ಟರ್ ರಾಜಕುಮಾರ, ಮುತ್ತಪ್ಪನ ತಂಗಿ ಲಕ್ಕವ್ವನ ಒಬ್ಬನೇ ಮಗ, ಅಂದು ಸಂಜೆಯೇ ಒಳಗೆ ಹೋದ.

ಸಾಹುಕಾರ ಪೊಲೀಸರಿಗೆ ಕೊಟ್ಟದ್ದು ಈ ಸಪ್ಪಳದ ಫೈಲು. ಶುಕ್ರವಾರ, ಮುಂಜಾನೆ ಒಂಬತ್ತು ಗಂಟೆ ಎಂದು ಅದರ ಮೇಲೆ ಇತ್ತು. ಒಂಬತ್ತಕ್ಕೆ ಯಂತ್ರ ಗಟ್ಟಿಮುಟ್ಟಾಗಿತ್ತು, ಹತ್ತಕ್ಕೆ ಒಡೆಯಿತು. ನಡುವೆ ಅದನ್ನು ಮುಟ್ಟಿದವನು ಫಿಟ್ಟರ್ ಒಬ್ಬನೇ. ಅವನೇ ಏನೋ ಸಡಿಲ ಬಿಟ್ಟಿದ್ದಾನೆ. ಅಲ್ಲಿಗೆ ಕೇಸು ಮುಗಿಯಿತು.

ನವನಗರದ ಈ ಸೆಕ್ಟರ್ ಮನೆಯಲ್ಲಿ ಎದುರಿಗೆ ಕೂತವಳು ಶೈಲಶ್ರೀ. ಬಾಗಲಕೋಟೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಯಂತ್ರಗಳ ನಡುಕ ಓದುವುದು ಅವಳ ಅಭ್ಯಾಸ. ಬೇರಿಂಗ್ ಕೆಡುವ ಮೊದಲೇ ನಡುಕದಲ್ಲಿ ಅದರ ಸುಳಿವು ಹಿಡಿಯಬಹುದೇ ಎಂದು ನೋಡಲು, ಆ ಯಂತ್ರದ ಉದ್ದನೆಯ ದಂಡದ ಎರಡೂ ತುದಿಗೆ, ಬೇರಿಂಗ್ ಕೂತ ಕಬ್ಬಿಣದ ಮನೆಯ ಮೇಲೆ, ಅಂಗಿ ಗುಂಡಿಯಷ್ಟು ದೊಡ್ಡ ಎರಡು ಸೆನ್ಸರ್ ಅಂಟಿಸಿದ್ದಳು. ಅವು ಹಿಡಿದ ನಡುಕ ಕಾರ್ಖಾನೆಯಲ್ಲೇ ಒಂದು ಪೆಟ್ಟಿಗೆಯಲ್ಲಿ ದಾಖಲಾಗುತ್ತಿತ್ತು; ಸಾಹುಕಾರ ಕೊಟ್ಟ ಫೈಲೂ ಅದರೊಳಗಿನದೇ. ತಿಂಗಳಿಗೊಮ್ಮೆ ಹೋಗಿ ಆ ದಾಖಲೆ ತರುತ್ತಿದ್ದಳು. ಈ ತಿಂಗಳು ಹೋಗುವುದಕ್ಕೆ ಮೊದಲೇ ಸಾವು ಹೋಗಿ ಬಂದಿತ್ತು.

ಸೋಮವಾರ ಹುನಗುಂದದ ಕೋರ್ಟಿನಲ್ಲಿ ರಾಜಕುಮಾರನ ಜಾಮೀನಿನ ಮಾತು. ಅಂದು ಶೈಲಶ್ರೀ ತನ್ನ ಅಭಿಪ್ರಾಯ ಬರೆದು ಕೊಡಬೇಕು. ಫೈಲು ಖರೆ ಎಂದು ಅವಳು ಬರೆದರೆ ಮುಂದೆ ತಾನು ಮಾಡುವುದು ಏನೂ ಉಳಿಯುವುದಿಲ್ಲ ಎಂದು ವಕೀಲ ನಾಗಲಿಂಗ ಮೊದಲೇ ಕೈ ತೊಳೆದುಕೊಂಡಿದ್ದ.

ಮೇಜಿನ ಮೇಲೆ ಮುತ್ತಪ್ಪನ ಫೋನು ಗುರ್ ಎಂದು ನಡುಗಿತು. ಲಕ್ಕವ್ವ. ಮುಂಜಾನೆಯಿಂದ ಇದು ಐದನೆಯದು. ಎತ್ತಿದರೆ ಒಂದೇ ಪ್ರಶ್ನೆ, ಏನಾತಣ್ಣಾ. ಅವನು ಎತ್ತಲಿಲ್ಲ.

ಹೊರಗೆ ಕಟ್ಟೆಯ ಮೇಲೆ ದುರಗವ್ವ ಕೂತಿದ್ದಳು. ಸತ್ತ ದುರ್ಗಪ್ಪನ ಹೆಂಡತಿ. ಆ ಯಂತ್ರದ ಸಪ್ಪಳ ಕೇಳಲು ತನ್ನಿಂದ ಆಗುವುದಿಲ್ಲ ಎಂದು ಒಳಗೆ ಬಂದಿರಲಿಲ್ಲ. ಅವಳಿಗಾಗಿಯೇ ಶೈಲಶ್ರೀ ಬಾಗಿಲು ಮುಂದೆ ಮಾಡಿದ್ದಳು. ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಹಳೇ ಊರಿನ ಮನೆಯಿಂದ ಕಿತ್ತು ತಂದು ಇಲ್ಲಿ ನಿಲ್ಲಿಸಿದ ಸಾಗವಾನಿಯ ಬಾಗಿಲು ಅದು, ಗೋಡೆಗಿಂತ ಗಟ್ಟಿ.

ಮುತ್ತಪ್ಪನ ಜೊತೆ ಆಕೆ ಬಂದದ್ದು ಇಳಕಲ್ಲಿನ ಜನಕ್ಕೆ ಸರಿ ಕಂಡಿರಲಿಲ್ಲ. ಗಂಡನನ್ನು ಕೊಂದವನ ಸೋದರಮಾವನ ಬೆನ್ನು ಹತ್ತಿ ಬಸ್ಸು ಏರಿದಳು ಎಂದು ಆಡಿಕೊಂಡಿದ್ದರು. ಆಕೆ ಯಾರಿಗೂ ಉತ್ತರ ಕೊಡಲಿಲ್ಲ. ಕಮತಗಿಯಲ್ಲಿ ಬಸ್ಸು ಚಹಾಕ್ಕೆ ನಿಂತಾಗ, ಖಾಲಿಯಾದ ಸೀಟುಗಳ ನಡುವೆ, ಮುತ್ತಪ್ಪನಿಗೆ ಮಾತ್ರ ಹೇಳಿದ್ದಳು.

"ನನಗ ಒಂದ ಗೊತ್ತಾಗಬೇಕ್ರಿ ಯಪ್ಪಾ. ಮಷೀನು ಕೆಟ್ಟೈತಿ ಅಂತ ಅವರಿಗೆ ಗೊತ್ತಿತ್ತೊ ಇಲ್ಲೊ. ಗೊತ್ತಿದ್ದೂ ನನಗ ಹೇಳದ ಹೋಗಿ ಅಲ್ಲೆ ನಿಂತ್ರೇನು. ಅಷ್ಟ ಕೇಳಿ ಹೇಳ್ರಿ. ಬ್ಯಾರೆ ಏನೂ ಬ್ಯಾಡ ನನಗ."

ಗೊತ್ತಿರಲಿಲ್ಲ ಮಗಳ ಎಂದು ಮುತ್ತಪ್ಪ ಅಲ್ಲೇ ಹೇಳಬೇಕೆಂದಿದ್ದ. ಕೇಳದೆ ಹೇಳುವುದು ಅವನ ಕಸುಬಿನಲ್ಲಿ ಇರಲಿಲ್ಲ.

*

ಶೈಲಶ್ರೀ ಪರದೆಯನ್ನು ಅವನ ಕಡೆ ತಿರುಗಿಸಿದಳು. ಅಕ್ಷರಕ್ಕಿಂತ ನೂಲು ಇವನಿಗೆ ಬೇಗ ತಿಳಿಯುತ್ತದೆ ಎಂದು ಅವಳಿಗೆ ಗೊತ್ತು. ಅವಳ ತಾಯಿಯ ತವರೂ ಇಳಕಲ್ಲಿನ ನೇಕಾರರ ಓಣಿಯೇ. ಯಂತ್ರದ ನಡುಕ ಗೋಜಲಾದ ನೂಲಿನ ಉಂಡೆ ಇದ್ದ ಹಾಗೆ ಎಂದಳು. ಕೆಂಪು, ಹಸಿರು, ಕಪ್ಪು ಎಲ್ಲ ಸುತ್ತಿಕೊಂಡಿರುತ್ತದೆ. ಕಂಪ್ಯೂಟರು ಆ ಗೋಜಲು ಬಿಡಿಸಿ ಒಂದೊಂದು ಬಣ್ಣ ಬೇರೆ ಬೇರೆ ಗೂಟಕ್ಕೆ ಹಾಕುತ್ತದೆ. ನಿಧಾನ ನಡುಗುವುದು ಎಡಗಡೆ ಗೂಟಕ್ಕೆ, ಬೇಗ ನಡುಗುವುದು ಬಲಗಡೆ. ಯಾವ ಗೂಟ ಎತ್ತರ ಇದೆಯೋ ಆ ನೂಲು ಹೆಚ್ಚು.

"ಬೇರಿಂಗ್ ಕೆಟ್ಟರ ಯಾವ ಗೂಟ?"

ಅವಳು ಹೋದ ತಿಂಗಳು ತಾನೇ ತಂದ ದಾಖಲೆ ತೆರೆದಳು. ಬಲಗಡೆ, ಜಾಲಿಯ ಟೊಂಗೆಯ ಹಾಗೆ, ಒಂದೇ ಅಂತರದಲ್ಲಿ ಸಾಲಾಗಿ ಮುಳ್ಳು ಎದ್ದಿದ್ದವು. ಒಳಗೆ ಉಕ್ಕಿನ ಗುಂಡು ಸವೆದ ಗುಣಿಗೆ ಬಿದ್ದು ಏಳುವಾಗಿನ ಕುಟುಕು. ಸಾಹುಕಾರನ ಫೈಲಿನಲ್ಲಿ ಆ ಜಾಗ ಬೋಳು ಹೊಲ.

ಅದಕ್ಕೂ ಸಾಹುಕಾರನ ಹತ್ತಿರ ಉತ್ತರ ಇತ್ತು. ನೀವು ಹೋದ ಮೇಲೆ ಹೊಸ ಬೇರಿಂಗ್ ಹಾಕಿಸಿದೆವು ಮೇಡಂ. ಮರುದಿನ ವಿಮಾದವರು ಬಂದು ಕಣ್ಣಾರೆ ನೋಡಿ ಹೋದರು.

ಹಾಕಿಸಿದ್ದು ಖರೆ ಎಂದು ಮುತ್ತಪ್ಪನಿಗೂ ಗೊತ್ತು. ತೆಗೆಸಿದ್ದೂ ಖರೆ. ಕಮತಗಿಯ ಗುಜರಿ ಅಂಗಡಿಯ ಜಹೀರ ಮೊನ್ನೆ ಅವನಿಗೆ ಆ ಜೋಡಿ ಬೇರಿಂಗ್ ತೋರಿಸಿದ್ದ. ಮದುವೆಗೆ ಪಾತ್ರೆ ಬಾಡಿಗೆ ಒಯ್ದ ಹಾಗೆ ಒಯ್ದು, ನಾಲ್ಕು ದಿನಕ್ಕೆ ಒರೆಸಿ ತಂದು ಕೊಟ್ಟಿದ್ದರಂತೆ. ಹಳೆಯದನ್ನು ತಿರುಗಿ ಯಂತ್ರಕ್ಕೆ ಹಾಕಿದ್ದರು. ಆದರೆ ಕೋರ್ಟು ಅಂದಕೂಡಲೆ ಜಹೀರ ಅಂಗಡಿಯ ಬಾಗಿಲು ಎಳೆದುಕೊಂಡ. ಬೇರಿಂಗಿಗೆ ಹೆಸರಿಲ್ಲ, ಊರಿಲ್ಲ.

ಆ ಬೇರಿಂಗಿನ ಮನೆ ತಾನು ಬಿಚ್ಚಿಯೇ ಇಲ್ಲ ಎಂದು ರಾಜಕುಮಾರ ಕಂಬಿಯ ಹಿಂದಿನಿಂದ ಹೇಳಿದ್ದ. ಅವ್ವನ ಮೇಲೆ ಆಣೆ ಮಾಡಿದ್ದ. ಮುತ್ತಪ್ಪ ಹಿಡಿದುಕೊಂಡದ್ದು ಅದೊಂದೇ ಎಳೆ.

"ಈ ಎಡಗಡೆ ಯಾಕ ಎಲ್ಲಾ ಸಾರಿಸಿದಂಗ ಐತಿ?" ಎಂದು ಕೇಳಿದ.

ಅದನ್ನು ತಾನೇ ಅಳಿಸಿದ್ದಾಗಿ ಹೇಳಿದಳು. ಅದು ಯಂತ್ರದ್ದಲ್ಲ. ನೆಲದಿಂದ ಬರುವ ಹಾಳುಮೂಳು ನಡುಕ. ಲಾರಿ ಹೋದರೆ ಬರುತ್ತದೆ, ಪಕ್ಕದ ಗೋಡೆಯಾಚೆ, ಮುತ್ತಪ್ಪ ಕೆಲಸ ಮಾಡುವ ಶೆಡ್ಡಿನಲ್ಲಿ, ಮಗ್ಗ ನಡೆದರೆ ಬರುತ್ತದೆ. ಅಭ್ಯಾಸಕ್ಕೆ ಅದು ಕಸ.

"ನನ್ನ ಜನ್ಮ ಎಲ್ಲಾ ನೀ ಕಸಕ್ಕ ಹಾಕೀದಿ ನೋಡು," ಎಂದು ಮುತ್ತಪ್ಪ ಮೀಸೆಯಲ್ಲೇ ನಕ್ಕ. "ಆ ಕಸ ತೋರಸು ನನಗ."

ಅವಳು ಸಂಕೋಚದಿಂದ ಅಳಿಸಿದ್ದನ್ನು ವಾಪಸು ತಂದಳು. ಮೊದಲು ತನ್ನವೇ ಹಳೆಯ ದಾಖಲೆಗಳು. ಏಳು ತಿಂಗಳು, ಏಳು ಚಿತ್ರ. ಪ್ರತಿಯೊಂದರಲ್ಲೂ ಎಡಗಡೆ ಅಂಚಿನಲ್ಲಿ ಒಂದು ಸಣ್ಣ ದಿಬ್ಬ. ಸೆಕೆಂಡಿಗೆ ಸುಮಾರು ಎರಡು ಬಡಿತ. ಒಂದೇ ತಾಳವಲ್ಲ, ಇಪ್ಪತ್ತನಾಲ್ಕು ಮಗ್ಗ ತಮ್ಮ ತಮ್ಮ ಲಹರಿಯಲ್ಲಿ ಲಾಳಿ ಎಸೆದು ಹಣಿಗೆ ಬಡಿದರೆ ನೆಲಕ್ಕೆ ಬರುವ ದಿಬ್ಬ. ಮುತ್ತಪ್ಪ ಬೆರಳಿನಿಂದ ಪರದೆಯನ್ನು ಮುಟ್ಟಿ ನೋಡಿದ. ತನ್ನ ಮಗ್ಗಗಳು.

ಆಮೇಲೆ ಸಾಹುಕಾರನ ಫೈಲು.

ದಿಬ್ಬ ಇರಲಿಲ್ಲ.

ಶೈಲಶ್ರೀ ಕುರ್ಚಿಯಲ್ಲಿ ನೆಟ್ಟಗಾದಳು. ಅಳತೆ ಬದಲಿಸಿ ನೋಡಿದಳು, ಹತ್ತು ಪಟ್ಟು ದೊಡ್ಡದು ಮಾಡಿ ನೋಡಿದಳು. ಇಲ್ಲ. ನೆಲ ಸತ್ತು ಮಲಗಿತ್ತು.

ಅವತ್ತು ಮಗ್ಗ ಬಂದಾಗಿದ್ದಿರಬಹುದು ಎಂದು ಅವಳು ಅಡ್ಡ ಹಾಕಿದಳು. ಮುತ್ತಪ್ಪ ತಲೆ ಅಲ್ಲಾಡಿಸಿದ. ಆ ಶುಕ್ರವಾರ ಒಂಬತ್ತಕ್ಕೆ ಅವನೇ ಆ ಶೆಡ್ಡಿನಲ್ಲಿ ಹದಿನೇಳನೇ ಮಗ್ಗದ ಕೆಳಗೆ ಮಲಗಿದ್ದ, ಒಂದು ಪಟ್ಟಿ ಬದಲಿಸುತ್ತ. ಉಳಿದ ಇಪ್ಪತ್ತಮೂರು ನಡೆದಿದ್ದವು. ಹತ್ತಕ್ಕೆ ಗೋಡೆಯಾಚೆ ಚಕ್ರ ಕಿತ್ತು ಬಿದ್ದ ಸಪ್ಪಳ ಅವುಗಳನ್ನೂ ಮೀರಿ ಕೇಳಿತ್ತು. ಆಮೇಲೆ ಮಗ್ಗಗಳು ಒಂದೊಂದಾಗಿ ನಿಂತದ್ದು ಈಗಲೂ ಅವನ ಕಿವಿಯಲ್ಲಿತ್ತು. ಎಲ್ಲಕ್ಕಿಂತ ಕೊನೆಗೆ ನಿಂತದ್ದು ನಾಲ್ಕನೆಯದು.

ಕರೆಂಟು ಹೋದರೆ ಮಗ್ಗವೂ ಇಲ್ಲ, ಗರಗಸವೂ ಇಲ್ಲ. ಎರಡಕ್ಕೂ ಒಂದೇ ಲೈನು. ಹಾಗಾದರೆ ಕರೆಂಟು ಇದ್ದು, ಗರಗಸ ತಿರುಗುತ್ತಿದ್ದು, ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕೂ ಮಗ್ಗ ಸುಮ್ಮನೆ ನಿಂತ ದಿನ ಯಾವುದು?

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದರು. ಹೇಳಿದವಳು ಅವಳು.

"ಅಮಾಸಿ."

ಅಮಾವಾಸ್ಯೆಯ ದಿನ ನೇಕಾರ ಮಗ್ಗ ಮುಟ್ಟುವುದಿಲ್ಲ. ಎಣ್ಣೆ ಹಾಕಿ, ಊದಿನಕಡ್ಡಿ ಬೆಳಗಿ, ಕೈ ಮುಗಿದು ಬಿಟ್ಟುಬಿಡುತ್ತಾನೆ. ಕಲ್ಲಿನ ಕಾರ್ಖಾನೆಯೂ ಅಂದು ಪೂಜೆ ಮಾಡಿ ಬೀಗ ಹಾಕುತ್ತದೆ. ಆಳುಗಳಿಲ್ಲ, ನೋಡುವವರಿಲ್ಲ ಎಂದೇ ಆ ದಿನ ಆರಿಸಿಕೊಂಡಿದ್ದರು. ಕದ್ದು ಮಾಡುವ ಕೆಲಸಕ್ಕೆ ಅಂಥ ನಿಶ್ಶಬ್ದ ಬೇರೆ ಸಿಗುವುದಿಲ್ಲ. ಆ ನಿಶ್ಶಬ್ದವೇ ದಾಖಲಾಗುತ್ತದೆ ಎಂದು ಹೊಳೆಯಲಿಲ್ಲ.

ಶೈಲಶ್ರೀ ಕ್ಯಾಲೆಂಡರು ನೋಡಿದಳು. ದುರ್ಗಪ್ಪ ಸಾಯುವುದಕ್ಕೆ ಹನ್ನೊಂದು ದಿನ ಮೊದಲು, ಸೋಮವಾರದ ಅಮಾವಾಸ್ಯೆ. ಮಂಗಳವಾರ ವಿಮಾದವರು ಬಂದಿದ್ದರು. ದಾಖಲೆಯ ಪೆಟ್ಟಿಗೆಯ ಗಡಿಯಾರ ತಿರುವುವುದು ಗೋಡೆ ಗಡಿಯಾರದ ಮುಳ್ಳು ತಿರುವಿದಷ್ಟೇ ಸಸಾರ ಎಂದಳು. ಸೋಮವಾರದ ಗಟ್ಟಿ ಸಪ್ಪಳಕ್ಕೆ ಶುಕ್ರವಾರದ ತಾರೀಖು ಅಂಟಿಸಿದ್ದರು. ಶುಕ್ರವಾರದ ನಿಜವಾದ ನಡುಕ ಎಲ್ಲೋ ಹೂತು ಹೋಗಿತ್ತು.

ಎಂಟು ದಿನದಲ್ಲಿ ಮೊದಲ ಸಲ ಮುತ್ತಪ್ಪನ ಎದೆಯಲ್ಲಿ ಗಾಳಿ ಆಡಿತು. ಫೋನು ಕೈಗೆ ತೆಗೆದುಕೊಂಡ, ಲಕ್ಕವ್ವನಿಗೆ ಹೇಳೋಣವೆಂದು.

ಆ ಗಾಳಿ ಒಂದು ಬಟ್ಟಲು ಚಹಾ ಕುಡಿಯುವಷ್ಟು ಹೊತ್ತೂ ನಿಲ್ಲಲಿಲ್ಲ.

*

ವರದಿ ಪೂರ್ತಿ ಇರಬೇಕು ಎಂದು ಶೈಲಶ್ರೀ ಫೈಲಿನ ತಲೆಯ ಕಡೆ ಹೋದಳು. ಮೋಟಾರು ಹಚ್ಚುವ ಮೊದಲಿನ ಇಪ್ಪತ್ತು ಸೆಕೆಂಡನ್ನೂ ಅವಳು ಕಸವೆಂದು ಕತ್ತರಿಸಿದ್ದಳು. ಅದನ್ನು ತಿರುಗಿ ಜೋಡಿಸಿ ಹಚ್ಚಿದಳು.

ಗವ್ ಎನ್ನುವ ಖಾಲಿತನ. ಆಮೇಲೆ ಕಬ್ಬಿಣದ ಮೇಲೆ ಕಬ್ಬಿಣ.

ಟಕ್. ಟಕ್. ಟಕ್.

ಅರ್ಧ ಉಸಿರಿನಷ್ಟು ತಡೆ.

ಟಕ್.

ಮುತ್ತಪ್ಪ ಫೋನನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ.

ಯಾರದೋ ಕೈಯಿಂದ ಪಾನಾ ಬಿದ್ದಿರಬೇಕು ಎನ್ನುತ್ತ ಅವಳು ಎರಡೂ ಸೆನ್ಸರಿನ ಗೆರೆ ಒಂದರ ಕೆಳಗೊಂದು ಇಟ್ಟಳು. ಇಟ್ಟು ಅವಳೇ ಹುಬ್ಬು ಗಂಟಿಕ್ಕಿದಳು. ಮೊದಲಿನ ಮೂರು ಏಟು ಎಡತುದಿಯ ಸೆನ್ಸರಿನಲ್ಲಿ ಎತ್ತರ, ಬಲತುದಿಯದರಲ್ಲಿ ಗಿಡ್ಡ. ಕೊನೆಯ ಒಂದು ಏಟು ಬಲತುದಿಯಲ್ಲಿ ಎತ್ತರ, ಎಡದಲ್ಲಿ ಗಿಡ್ಡ. ಎಂಟು ಅಡಿ ದಂಡದ ಒಂದು ತುದಿಯಿಂದ ಇನ್ನೊಂದು ತುದಿಗೆ ಒಬ್ಬನೇ ಮನುಷ್ಯ ಅಷ್ಟರಲ್ಲಿ ಹೋಗಲಾರ.

"ಇಬ್ಬರದಾರ ಕಾಕಾ," ಎಂದಳು. "ಒಬ್ಬಾಂವ ಕೇಳ್ಯಾನ, ಇನ್ನೊಬ್ಬಾಂವ ಉತ್ತರ ಕೊಟ್ಟಾನ. ಇದೇನ್ ರೀತಿ ಇದು?"

ಮುತ್ತಪ್ಪ ಪರದೆಯಿಂದ ಕಣ್ಣು ಕಿತ್ತ.

ರೀತಿ ಅವನದೇ. ಮಗ್ಗದ ಶೆಡ್ಡಿನಲ್ಲಿ ಕೂಗಿದರೆ ಕೂಗು ಕೇಳುವುದಿಲ್ಲವೆಂದು ಮೂವತ್ತು ವರ್ಷದ ಹಿಂದೆ ಅವನೇ ಕಟ್ಟಿದ್ದು. ಹೊಸ ಬೇರಿಂಗ್ ಕೂಡಿಸಿದ ಮೇಲೆ ಒಬ್ಬ ಈ ತುದಿಯಲ್ಲಿ ಮೂರು ಏಟು ಹಾಕಬೇಕು. ಆ ತುದಿಯಲ್ಲಿ ಕಿವಿಗೆ ಸರಳು ಹಚ್ಚಿ ಕೂತವನು ಏಟು ಬೋಳಾಗಿ ಬಂತೋ ತುಂಬಿ ಬಂತೋ ಕೇಳಿ, ಸರಿ ಇದ್ದರೆ ಒಂದು ಏಟು ತಿರುಗಿ ಹಾಕಬೇಕು. ನೇಕಾರರು ಇದಕ್ಕೆ ಮುತ್ತಪ್ಪನ ಟೆಲಿಫೋನು ಎಂದು ಹೆಸರಿಟ್ಟು ನಗುತ್ತಿದ್ದರು. ಊರಿನ ಬೇರೆ ಯಾವ ಫಿಟ್ಟರನೂ ಇದನ್ನು ಮಾಡುವುದಿಲ್ಲ.

ಅವನು ಕಲಿಸಿದ್ದು ಇಬ್ಬರಿಗೆ. ಇಬ್ಬರೂ ಒಂದೇ ಮಗ್ಗದ ಕೆಳಗೆ ಕೂತು ಕಲಿತವರು. ಆಮೇಲೆ ಇಬ್ಬರೂ ಗೋಡೆಯಾಚೆಯ ಕಲ್ಲಿನ ಕಾರ್ಖಾನೆಗೆ ಹೋದರು, ಒಬ್ಬ ಗರಗಸದ ಮೇಲೆ, ಒಬ್ಬ ಫಿಟ್ಟರನಾಗಿ.

ಒಬ್ಬನನ್ನು ಹೋದ ಶನಿವಾರ ಮಣ್ಣು ಮಾಡಿದ್ದರು. ಇನ್ನೊಬ್ಬ ಕಂಬಿಯ ಹಿಂದೆ ಕೂತು ಅವ್ವನ ಮೇಲೆ ಆಣೆ ಮಾಡಿದ್ದ.

ಮತ್ತು ಈಗ, ಬೇಡವೆಂದರೂ, ಮುತ್ತಪ್ಪನ ನೆನಪು ತನ್ನ ಕೆಲಸ ಮಾಡಿತು. ಆ ಸೋಮವಾರ ಲಕ್ಕವ್ವನ ಮನೆಯಲ್ಲಿ ಅಮಾವಾಸ್ಯೆಯ ಹೋಳಿಗೆ ಊಟ. ರಾಜಕುಮಾರ ಹೊತ್ತು ಏರಿದ ಮೇಲೆ ಬಂದ. ಅವನ ಉಗುರಿನ ಸಂದಿಯಲ್ಲಿ ಹಳದಿ ಗ್ರೀಸು ಇತ್ತು. ಹಳೆಯ ಯಂತ್ರದ ಗ್ರೀಸು ಕಪ್ಪು. ಹಳದಿ ಇರುವುದು ಹೊಸ ಬೇರಿಂಗಿನ ಡಬ್ಬಿ ಒಡೆದವನ ಕೈಯಲ್ಲಿ ಮಾತ್ರ. ಅಮಾಸಿ ದಿನ ಕಬ್ಬಿಣ ಮುಟ್ಟಿ ಬಂದೇನಲೇ ಎಂದು ಲಕ್ಕವ್ವ ಬೈದಿದ್ದಳು. ಮುತ್ತಪ್ಪ ಅದನ್ನು ನೋಡಿದ್ದ. ನೋಡಿ ಹೋಳಿಗೆಗೆ ತುಪ್ಪ ಹಾಕಿಸಿಕೊಂಡಿದ್ದ.

ಹೊಸದು ಹಾಕಿದವರು ಇವರಿಬ್ಬರೇ ಆದರೆ ಹಳೆಯದನ್ನು ತಿರುಗಿ ಹಾಕಿದವರೂ ಇವರೇ. ಯಾವುದರ ಮುಂದೆ ನಿಂತು ಕಲ್ಲು ಕೊಯ್ಯುತ್ತಿದ್ದೇನೆ ಎಂದು ದುರ್ಗಪ್ಪನಿಗೆ ಅಂದಿನಿಂದ ಸಾಯುವ ದಿನದವರೆಗೂ ಗೊತ್ತಿತ್ತು.

ಶೈಲಶ್ರೀ ಅವನ ಮುಖವನ್ನೇ ನೋಡುತ್ತಿದ್ದಳು. "ನಿಮಗ ಗೊತ್ತೈತಿ," ಎಂದಳು. "ಯಾರ ಕೈ ಅಂತ ಗೊತ್ತೈತಿ ನಿಮಗ."

ಅವನು ಬಾಗಿಲು ಮುಚ್ಚಿದೆಯೇ ಎಂದು ಒಮ್ಮೆ ತಿರುಗಿ ನೋಡಿದ. ಆಮೇಲೆ ತಾನು ಎಂದೂ ಕೇಳದಂಥದ್ದನ್ನು ಕೇಳಿದ.

"ಈ ಇಪ್ಪತ್ತು ಸೆಕೆಂಡ್ ಕಸದಾಗ ಇರಲಿ ತಂಗಿ. ಅಮಾಸೀದಷ್ಟ ಬರಿ. ಸಾಹುಕಾರನ ಸುಳ್ಳು ಬಯಲಾದರ ಸಾಕಲ್ಲ."

"ತಲಿ ಕತ್ತರಿಸಿದ ಫೈಲು ಕೊಟ್ಟರ ಅವರ ವಕೀಲ ಬಿಡತಾನೇನ್ರಿ? ಪೂರ್ತಿ ಫೈಲು ಅವರ ಕಡೇನೂ ಐತಿ."

"ಅವರು ಕೇಳಿಲ್ಲ ಅದನ್ನ. ಕೇಳಿದರೂ ಅವರಿಗೆ ಅದು ಬರೇ ಸಪ್ಪಳ."

ಅವಳ ದನಿ ಸಣ್ಣದಾಯಿತು. ತಾನೊಂದು ವಾರ ಮೊದಲು ಹೋಗಿದ್ದರೆ ಆ ಮುಳ್ಳು ಇನ್ನೂ ಬೆಳೆದದ್ದು ಕಾಣುತ್ತಿತ್ತು, ಒಬ್ಬ ಮನುಷ್ಯ ಉಳಿಯುತ್ತಿದ್ದ ಎಂದಳು. ಎಂಟು ದಿನದಿಂದ ಅದೇ ತಲೆಯಲ್ಲಿ ತಿರುಗುತ್ತಿದೆ, ಈಗ ತನ್ನ ಕೈಯಿಂದ ಇನ್ನೊಮ್ಮೆ ಕತ್ತರಿಸಲಾರೆ ಎಂದಳು.

"ನಮಗ ಬೇಕಾದ್ದು ಇಟಗೊಂಡು ಬ್ಯಾಡಾದ್ದು ಕತ್ತರಿಸಿದರ, ಪ್ರಭು ಸಾಹುಕಾರಗೂ ನಮಗೂ ಏನ್ ಫರಕ್ ಉಳೀತು ಕಾಕಾ?"

ಮುತ್ತಪ್ಪ ಮನಸ್ಸಿನಲ್ಲೇ ಎರಡೂ ಕಡೆ ತೂಗಿ ನೋಡಿದ. ಬರೆಯದಿದ್ದರೆ ತಂಗಿಯ ಮಗ ಉಳಿಯುವ ಒಂದು ಆಸೆ. ಬರೆದರೆ ಗೊತ್ತಿದ್ದೂ ಹಳೆ ಬೇರಿಂಗ್ ಕೂಡಿಸಿದವನೆಂದು ಅವನು ಹೋಗುತ್ತಾನೆ. ಜೊತೆಗೆ ಸತ್ತವನ ಹೆಸರೂ ಹೋಗುತ್ತದೆ. ಹೇಳಿ ಮಾಡಿಸಿದ ಸಾಹುಕಾರ ಮಾತ್ರ ತಾನು ಏನೂ ಹೇಳಿಲ್ಲ ಎಂದು ಕೈ ಝಾಡಿಸಿ ನಿಲ್ಲುತ್ತಾನೆ. ಹೇಳಿದ್ದಕ್ಕೆ ಸೆನ್ಸರ್ ಇರಲಿಲ್ಲ.

ಅಳತೆ ಬರೆದುಕೊಳ್ಳಲು ಶೈಲಶ್ರೀ ಇನ್ನೊಮ್ಮೆ ಹಚ್ಚಿದಳು. ಏಟಿನ ತುದಿ ಎಲ್ಲಿ ಎಂದು ತಿಳಿಯಲೆಂದು ದನಿ ಏರಿಸಿದ್ದಳು.

ಟಕ್. ಟಕ್. ಟಕ್.

ಟಕ್.

ಸಾಗವಾನಿಯ ಬಾಗಿಲು ತೆರೆಯಿತು. ದುರಗವ್ವ ಹೊಸ್ತಿಲ ಮೇಲೆ ನಿಂತಿದ್ದಳು. ಸೆರಗು ಜಾರಿದ್ದರ ಮೇಲೆ ಅವಳ ಧ್ಯಾನ ಇರಲಿಲ್ಲ. ಮೊದಲು ತಾನು ಕೂತ ಕಟ್ಟೆಯ ಕಡೆ ತಿರುಗಿ ನೋಡಿದಳು, ಆಮೇಲೆ ಬಾಗಿಲನ್ನು, ಆಮೇಲೆ ಇವರಿಬ್ಬರನ್ನು.

"ಬಾಗಲಾ ಬಡದವರು ಯಾರ್ರಿ?"

ಶೈಲಶ್ರೀ ಸ್ಪೀಕರಿನ ಕಡೆ ಕೈ ತೋರಿಸಿದಳು.

"ನಮ್ಮ ಮನ್ಯಾರು ಹಿಂಗ ಬಡೀತಿದ್ರು," ಎಂದಳು. ಎಂಟು ದಿನದಿಂದ ಬಿಗಿದುಕೊಂಡಿದ್ದ ಮುಖ ಸಡಿಲಾಗಿ, ಅದರ ಮೇಲೆ ನಗೆಯಂಥದ್ದು ಏನೋ ಬಂತು. "ದಿನಾ ಸಂಜೀಕ. ಮೂರು ಬಡದು ನಿಂದರತಿದ್ರು. ನಾ ಒಳಗಿಂದ ಒಂದು ಬಡೀಬೇಕು, ಆಮ್ಯಾಲೆ ಅಗಳಿ ತಗೀಬೇಕು. ಉಸ್ತಾದ ಕಲಿಸ್ಯಾರ ಅಂತಿದ್ರು. ಎಲ್ಲಿಂದ ಬಂತ್ರಿ ಇದು? ಇನ್ನೊಮ್ಮಿ ಹಚ್ಚರಿ ಅಕ್ಕಾರ. ನಿಮ್ಮ ಕಾಲ ಬೀಳತೇನಿ."

ಬೇಡ ಎಂದು ಮುತ್ತಪ್ಪ ಕೈ ಎತ್ತಿದ. ಶೈಲಶ್ರೀಯ ಬೆರಳು ಅಷ್ಟರಲ್ಲಿ ಒತ್ತಿಬಿಟ್ಟಿತ್ತು.

ಟಕ್. ಟಕ್. ಟಕ್.

ದುರಗವ್ವನ ಕೈ ತಾನಾಗಿ ಎದ್ದು ಸಾಗವಾನಿಯ ಮೇಲೆ ಒಂದು ಏಟು ಹಾಕಿತು. ಅದೇ ಕ್ಷಣಕ್ಕೆ ಸ್ಪೀಕರಿನಿಂದಲೂ ಒಂದು ಏಟು ಬಂತು.

ಅವಳ ಕೈ ಬಾಗಿಲಿನ ಮೇಲೆಯೇ ಉಳಿಯಿತು. ನಗೆಯಂಥದ್ದು ಮುಖದ ಮೇಲೆ ಇನ್ನೂ ಇತ್ತು, ಆದರೆ ಕಣ್ಣು ಮುತ್ತಪ್ಪನ ಕಡೆ ತಿರುಗಿತ್ತು.

"ಅವರು ಬಡದರ ಉತ್ತರ ಕೊಡಾಕಿ ನಾ ಒಬ್ಬಾಕಿನ ಇದ್ದೆ," ಎಂದಳು ನಿಧಾನಕ್ಕೆ. "ಇಲ್ಲೆ ಉತ್ತರ ಕೊಟ್ಟವರು ಯಾರು ಯಪ್ಪಾ?"

ಮೇಜಿನ ಮೇಲೆ ಮುತ್ತಪ್ಪನ ಫೋನು ಗುರ್ ಎಂದು ನಡುಗತೊಡಗಿತು. ನಡುಗುತ್ತ ನಡುಗುತ್ತ ಅಂಚಿನ ಕಡೆ ಸರಿಯಿತು. ಅದರ ಮೇಲೆ ರಾಜಕುಮಾರನ ಅವ್ವನ ಹೆಸರು ಮೂಡಿತ್ತು. ದುರಗವ್ವ ಅದನ್ನು ಓದುತ್ತಿದ್ದಳು.